ಓಡಾಟ ಬೇರೆ, ಹಿಡಿತ ಬೇರೆ: ಮನೆಯಲ್ಲೇ ಕಟ್ಟಿದ ಕ್ವಿಕ್ ರಿಲೀಸ್ ವೈಸ್

(ಮರಗೆಲಸದಲ್ಲಿ ಆಸಕ್ತಿ ಇರುವವರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾದರಿಯನ್ನು ಕೈಯಲ್ಲಿ ಹಿಡಿದು ತೋರಿಸಿದ ಕಡೆಗಳಲ್ಲಿ ಓದುವವರಿಗೆ ತಿಳಿಯಲೆಂದು ಒಂದೆರಡು ವಾಕ್ಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಲೆಕ್ಕದಿಂದ ಶುರು ಮಾಡುತ್ತೇನೆ.

ನನ್ನ ಬೆಂಚಿನ ಮೊದಲ ವೈಸನ್ನು, ಅಂದರೆ ಮರವನ್ನು ಎರಡು ದವಡೆಗಳ ನಡುವೆ ಬಿಗಿಯಾಗಿ ಹಿಡಿಯುವ ಸಾಧನವನ್ನು, 16 ಮಿ.ಮೀ. ದಪ್ಪದ ಸಾಮಾನ್ಯ ಥ್ರೆಡ್ ರಾಡಿನಿಂದ (ಸ್ಕ್ರೂವಿನಂತೆ ಉದ್ದಕ್ಕೂ ಹಲ್ಲು ಕಡೆದ ಸರಳು) ಮಾಡಿದ್ದೆ. ಅದರ ಪಿಚ್, ಅಂದರೆ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗಿರುವ ದೂರ, 2 ಮಿ.ಮೀ. ಹಿಡಿಕೆ ಒಂದು ಸುತ್ತು ತಿರುಗಿದರೆ ದವಡೆ 2 ಮಿ.ಮೀ. ಸರಿಯುತ್ತದೆ. 20 ಮಿ.ಮೀ. ದಪ್ಪ, 170 ಮಿ.ಮೀ. ಅಗಲದ ಹಲಗೆಯ ಅಂಚು ಹೆರೆದಾಯಿತು, ಈಗ ಅದನ್ನೇ ಅಡ್ಡಡ್ಡ ಹಿಡಿಯಬೇಕು ಅಂದುಕೊಳ್ಳಿ. ದವಡೆ 170 ಮಿ.ಮೀ.ವರೆಗೆ ತೆರೆಯಬೇಕು. ನಡುವಿನ ದಾರಿ 150 ಮಿ.ಮೀ., ಅಂದರೆ 75 ಸುತ್ತು. ಮತ್ತೆ ಅಂಚಿಗೆ ಬಂದರೆ ಇನ್ನೊಂದು 75. ಒಂದು ಪೆಟ್ಟಿಗೆ ಮಾಡಿ ಮುಗಿಸುವಷ್ಟರಲ್ಲಿ ಇಂಥ ಬದಲಾವಣೆ ಎಷ್ಟು ಸಲ ಬರುತ್ತದೆ ಎಂದು ಬೆಂಚಿನ ಮುಂದೆ ನಿಂತವರಿಗೆಲ್ಲ ಗೊತ್ತು. ಕೈ ನೋಯುವುದು ಒಂದು ಕಡೆ ಇರಲಿ. ನನಗೆ ಹೆಚ್ಚು ನೋವಾದದ್ದು ಬೇರೆಯದಕ್ಕೆ. ತಿರುಗಿಸಲು ಬೇಸರವಾಗಿ ಹಲಗೆಯನ್ನು ಸರಿಯಾಗಿ ಹಿಡಿಸದೆ, ಒಂದು ಕೈಯಲ್ಲಿ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಉಳಿ ಹಿಡಿಯುವ ಅಭ್ಯಾಸ ಮೆಲ್ಲಗೆ ಬಂದುಬಿಟ್ಟಿತ್ತು. ಎಡಗೈ ಹೆಬ್ಬೆರಳಿನ ಬುಡದಲ್ಲಿ ಅದರ ಗುರುತು ಇವತ್ತಿಗೂ ಇದೆ. ಆ ಗಾಯ ಮಾಯುವಷ್ಟರಲ್ಲಿ ವೈಸನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕು ಎಂದು ತೀರ್ಮಾನಿಸಿದ್ದೆ.

ಹಾಗೆ ಕಟ್ಟುತ್ತಾ ಹೋದಂತೆ ಅರ್ಥವಾದದ್ದು ಒಂದೇ ವಿಷಯ. ವೈಸ್ ಮಾಡುವುದು ಎರಡು ಕೆಲಸ. ಮೊದಲನೆಯದು ಓಡಾಟ: ದವಡೆಯನ್ನು ಮರದ ಹತ್ತಿರಕ್ಕೆ ತರುವುದು. ಇದಕ್ಕೆ ಬಲ ಬೇಡ, ವೇಗ ಬೇಕು. ಎರಡನೆಯದು ಹಿಡಿತ: ಕೊನೆಯ ಒಂದೆರಡು ಮಿ.ಮೀ. ಇದಕ್ಕೆ ವೇಗ ಬೇಡ, ಬಲ ಬೇಕು. ಸಾಮಾನ್ಯ ವೈಸಿನಲ್ಲಿ ಎರಡನ್ನೂ ಒಂದೇ ಸ್ಕ್ರೂ ಮಾಡುತ್ತದೆ, ಹಾಗಾಗಿ ಓಡಾಟ ನಿಧಾನ. ಕ್ವಿಕ್ ರಿಲೀಸ್ ಅಂದರೆ ಈ ಎರಡನ್ನು ಬಿಡಿಸಿ, ಓಡಾಟವನ್ನು ನಿಮ್ಮ ಕೈಗೆ ಕೊಟ್ಟು, ಹಿಡಿತವನ್ನು ಮಾತ್ರ ಸ್ಕ್ರೂವಿಗೆ ಉಳಿಸುವುದು. ಇಷ್ಟು ಗೊತ್ತಾದ ಮೇಲೆ ಪ್ರತಿ ಭಾಗದ ಮುಂದೆಯೂ ಒಂದೇ ಪ್ರಶ್ನೆ ಇಟ್ಟುಕೊಂಡೆ: ಇದು ಓಡಾಟಕ್ಕೆ ಇರುವುದೋ, ಹಿಡಿತಕ್ಕೆ ಇರುವುದೋ?

ಇದು ಹೊಸ ಯೋಚನೆಯೇನೂ ಅಲ್ಲ. ಇಂಗ್ಲೆಂಡಿನ ಶಿಪ್ಲಿಯಲ್ಲಿ ಪಾರ್ಕಿನ್‌ಸನ್ ಕಂಪನಿ ಇಂಥ ವೈಸುಗಳನ್ನು ಮಾಡಿ ಹೆಸರಾಯಿತು. ಶೆಫೀಲ್ಡಿನ ರೆಕಾರ್ಡ್ ವೈಸುಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದರ 52½ ನಂಬರಿನ ವೈಸಿನ ದವಡೆ 9 ಇಂಚು ಅಗಲ, 13 ಇಂಚಿನವರೆಗೆ ತೆರೆಯುತ್ತದೆ. ಹಿಡಿಕೆಯ ಹಿಂದೆ ಒಂದು ಸಣ್ಣ ಲಿವರ್ ಇದೆ. ಅದನ್ನು ಅದುಮಿದರೆ ಒಳಗೆ ಸ್ಕ್ರೂವಿಗೆ ಅಂಟಿಕೊಂಡಿರುವ ಅರ್ಧ ನಟ್ ಸರಿದು ನಿಲ್ಲುತ್ತದೆ, ದವಡೆ ಸರ್ರನೆ ಜಾರುತ್ತದೆ. ಬಿಟ್ಟರೆ ಸ್ಪ್ರಿಂಗ್ ಆ ನಟ್ಟನ್ನು ಮತ್ತೆ ಸ್ಕ್ರೂವಿಗೆ ಒತ್ತುತ್ತದೆ. ಲೇತ್ (ಲೋಹದ ತುಂಡನ್ನು ತಿರುಗಿಸುತ್ತಾ ಕಡೆಯುವ ಯಂತ್ರ) ಮೇಲೆ ಕೆಲಸ ಮಾಡಿದವರಿಗೆ ಇದು ಪರಿಚಿತ. ಲೇತಿನಲ್ಲಿ ಥ್ರೆಡ್ ಹಾಕುವಾಗ ಎರಡು ಅರೆ ನಟ್ಟುಗಳು ಲೀಡ್ ಸ್ಕ್ರೂವನ್ನು (ಉಳಿಯನ್ನು ಉದ್ದಕ್ಕೆ ಸಾಗಿಸುವ ಸ್ಕ್ರೂ) ಎರಡೂ ಕಡೆಯಿಂದ ಹಿಡಿಯುತ್ತವಲ್ಲ, ಅದೇ ತತ್ತ್ವ.

ನಾನೂ ಅರೆ ನಟ್ಟಿನ ದಾರಿಯನ್ನೇ ಹಿಡಿದೆ. ಆದರೆ ಮೊದಲ ಸಲ ಮಾಡಿದ್ದು ಕೆಟ್ಟಿತು. ಯಾಕೆ ಕೆಟ್ಟಿತು ಎನ್ನುವುದೇ ಇವತ್ತಿನ ಮಾತಿನ ತಿರುಳು, ಹಾಗಾಗಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಹಳೆಯ 16 ಮಿ.ಮೀ. ರಾಡನ್ನೇ ಇಟ್ಟುಕೊಂಡು, ಎರಡು ರಾಡುಗಳನ್ನು ಜೋಡಿಸಲು ಬಳಸುವ ಉದ್ದದ ಕಪ್ಲಿಂಗ್ ನಟ್ಟೊಂದನ್ನು ಉದ್ದುದ್ದಕ್ಕೆ ಸೀಳಿ, ಒಂದು ಭಾಗವನ್ನು ಸ್ಪ್ರಿಂಗಿನ ಮೇಲೆ ಕೂರಿಸಿದ್ದೆ. ದವಡೆ ಓಡಿತು. ಮರ ಸಿಕ್ಕಿತು. ಹಿಡಿಕೆ ಬಿಗಿ ಮಾಡಿದೆ. ಅರ್ಧ ಸುತ್ತಿಗೆ 'ಟಕ್' ಎಂದು ನಟ್ ಹಾರಿ ಒಂದು ಹಲ್ಲು ಹಿಂದಕ್ಕೆ ಕೂತಿತು. ಮತ್ತೆ ಬಿಗಿ ಮಾಡಿದೆ, ಮತ್ತೆ 'ಟಕ್'. ಗಟ್ಟಿ ಸ್ಪ್ರಿಂಗ್ ಹಾಕಿದೆ. ಸ್ವಲ್ಪ ತಡೆದು ಹಾರಿತು. ಇನ್ನೂ ಗಟ್ಟಿ ಹಾಕಿದರೆ ಲಿವರ್ ಎಳೆಯಲು ಆಗುತ್ತಿರಲಿಲ್ಲ, ಹಾರುವುದೂ ನಿಲ್ಲಲಿಲ್ಲ.

ಕಾಗದ ಪೆನ್ಸಿಲ್ ಹಿಡಿದು ಕೂತ ಮೇಲೆ ಕಾರಣ ಸಿಕ್ಕಿತು. ಥ್ರೆಡ್ಡಿನ ಪಕ್ಕಗಳು ಇಳಿಜಾರು. ಸ್ಕ್ರೂ ನಟ್ಟನ್ನು ಉದ್ದಕ್ಕೆ ಎಳೆದಾಗ ಆ ಇಳಿಜಾರು ನಟ್ಟನ್ನು ಹೊರಕ್ಕೂ ತಳ್ಳುತ್ತದೆ, ಬೆಣೆ ಹೊಡೆದ ಹಾಗೆ. ಇಡೀ ನಟ್ ಇದ್ದರೆ ಈ ತಳ್ಳಾಟ ಸುತ್ತಲೂ ಸಮನಾಗಿ ಹಂಚಿಕೊಂಡು ಒಂದಕ್ಕೊಂದು ವಜಾ ಆಗುತ್ತದೆ. ಅರ್ಧ ನಟ್ಟಿಗೆ ಆ ಭಾಗ್ಯ ಇಲ್ಲ. ಎದುರಿನ ಅರ್ಧವೇ ಇಲ್ಲವಲ್ಲ.

ಎಷ್ಟು ತಳ್ಳುತ್ತದೆ ನೋಡೋಣ. ಹಿಡಿಕೆಯ ತೋಳು 200 ಮಿ.ಮೀ., ತುದಿಯಲ್ಲಿ 10 ಕೆ.ಜಿ.ಯಷ್ಟು ಒತ್ತುತ್ತೀರಿ, ಸ್ಕ್ರೂವಿನ ಪಿಚ್ 4 ಮಿ.ಮೀ. ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ ಕೈ ಸುಮಾರು 1,257 ಮಿ.ಮೀ. ಸುತ್ತುತ್ತದೆ, ದವಡೆ 4 ಮಿ.ಮೀ. ಸರಿಯುತ್ತದೆ. ಬಲ 314 ಪಟ್ಟು ಹೆಚ್ಚಿದಂತಾಯಿತು. ಥ್ರೆಡ್ಡಿನಲ್ಲೂ ವಾಷರಿನಲ್ಲೂ ಆಗುವ ಘರ್ಷಣೆ ಅದರಲ್ಲಿ ಐದರಲ್ಲಿ ನಾಲ್ಕು ಪಾಲು ತಿಂದರೂ 600 ಕೆ.ಜಿ.ಯಷ್ಟು ಹಿಡಿತ ಉಳಿಯುತ್ತದೆ. ಸಾಮಾನ್ಯ ಮೆಟ್ರಿಕ್ ಥ್ರೆಡ್ಡಿನ ಕೋನ 60 ಡಿಗ್ರಿ, ಒಂದು ಪಕ್ಕದ ಇಳಿಜಾರು 30. ಆ 600ರಲ್ಲಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಸುಮಾರು 220 ಕೆ.ಜಿ., ಅರೆ ನಟ್ಟನ್ನು ಸ್ಕ್ರೂವಿನಿಂದ ದೂರ ನೂಕುತ್ತದೆ. ನನ್ನ ಸ್ಪ್ರಿಂಗಿನ ಬಲ ನಾಲ್ಕೈದು ಕೆ.ಜಿ. ಅದು ಹೇಗೆ ತಡೆದೀತು?

ಹಾಗಾದರೆ ರೆಕಾರ್ಡ್ ವೈಸಿನಲ್ಲಿ ಸ್ಪ್ರಿಂಗ್ ಹೇಗೆ ಸಾಕಾಗುತ್ತದೆ ಎಂದು ನೀವು ಕೇಳಬಹುದು. ಅದರ ಥ್ರೆಡ್ಡೇ ಬೇರೆ. ಗರಗಸದ ಹಲ್ಲಿನಂತೆ ಒಂದು ಪಕ್ಕ ಹೆಚ್ಚುಕಡಿಮೆ ನೆಟ್ಟಗೆ, ಇನ್ನೊಂದು ಪಕ್ಕ ಓರೆ. ಬಟ್ರೆಸ್ ಥ್ರೆಡ್ ಎನ್ನುತ್ತಾರೆ. ಭಾರ ಬೀಳುವುದು ನೆಟ್ಟಗಿನ ಪಕ್ಕದ ಮೇಲೆ, ಹಾಗಾಗಿ ಹೊರಕ್ಕೆ ತಳ್ಳುವ ಬಲ ಅತ್ಯಲ್ಪ. ಮೆಟ್ರಿಕ್ ಬಟ್ರೆಸ್ ಥ್ರೆಡ್ಡಿನಲ್ಲಿ ಆ ಪಕ್ಕದ ಓರೆ 3 ಡಿಗ್ರಿ ಮಾತ್ರ. ಇದು ನಿಜಕ್ಕೂ ಚೆಂದದ ಪರಿಹಾರ. ಆದರೆ ಅಂಥ ಸ್ಕ್ರೂ ಬಿಡಿಯಾಗಿ ಸಿಗುವುದು ಅಪರೂಪ, ಮನೆಯಲ್ಲಿ ಮಾಡಲು ಲೇತ್ ಬೇಕು.

ಸುಲಭವಾಗಿ ಸಿಗುವುದು ಟ್ರೆಪಿಜಾಯಿಡಲ್ ಥ್ರೆಡ್ಡಿನ, ಅಂದರೆ ಬುಡ ಅಗಲ, ತಲೆ ಚಪ್ಪಟೆಯಾದ ಹಲ್ಲಿನ ರಾಡ್. 30 ಡಿಗ್ರಿ ಕೋನ, ಒಂದು ಪಕ್ಕಕ್ಕೆ 15. ನಾನು ಆರಿಸಿಕೊಂಡದ್ದು 20 ಮಿ.ಮೀ. ವ್ಯಾಸ, 4 ಮಿ.ಮೀ. ಪಿಚ್. ಇದರಲ್ಲಿ ಅದೇ 600 ಕೆ.ಜಿ. ಹಿಡಿತಕ್ಕೆ ಹೊರತಳ್ಳುವ ಬಲ ಸುಮಾರು 100 ಕೆ.ಜಿ.ಗೆ ಇಳಿಯುತ್ತದೆ. ಇಳಿಯಿತು ನಿಜ, ಆದರೂ ಸ್ಪ್ರಿಂಗಿನ ಕೈಗೆ ಸಿಗುವಂಥದ್ದಲ್ಲ. ಚೌಕ ಥ್ರೆಡ್ ಆದರೆ ಹೊರಗೆ ತಳ್ಳುವುದೇ ಇಲ್ಲವಲ್ಲ ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ಚೌಕ ಹಲ್ಲು ಚೌಕ ಸಂದಿಗೆ ಕೂರಬೇಕಾದರೆ ಎರಡೂ ಕೂದಲೆಳೆಯಷ್ಟೂ ತಪ್ಪದೆ ಎದುರುಬದುರು ಬರಬೇಕು. ಓರೆ ಪಕ್ಕ ಇದ್ದರೆ ಹಲ್ಲು ತಾನೇ ದಾರಿ ಹುಡುಕಿಕೊಂಡು ಇಳಿಯುತ್ತದೆ. ಲೇತಿನ ಲೀಡ್ ಸ್ಕ್ರೂಗಳು ಚೌಕ ಥ್ರೆಡ್ಡನ್ನು ಬಿಟ್ಟು ಓರೆ ಪಕ್ಕದ ಥ್ರೆಡ್ಡಿಗೆ ಬಂದದ್ದರಲ್ಲಿ ಇದೂ ಒಂದು ಕಾರಣ.

ಈಗ ನನ್ನ ಪ್ರಶ್ನೆಗೆ ವಾಪಸ್ ಬನ್ನಿ. ಸ್ಪ್ರಿಂಗ್ ಓಡಾಟದ ಕಡೆಯದು. ನಟ್ಟನ್ನು ಅದರ ಜಾಗಕ್ಕೆ ತರುವುದು, ಬಿಡಿಸುವುದು ಅದರ ಕೆಲಸ. ಹಿಡಿತದ ಕೆಲಸವನ್ನು ಅದಕ್ಕೆ ಕೊಟ್ಟದ್ದೇ ನನ್ನ ತಪ್ಪು. ಹಿಡಿತಕ್ಕೆ ಗಟ್ಟಿಯಾದ, ಬಾಗದ ಆಸರೆ ಬೇಕು. ಅದಕ್ಕೆ ನಾನು ಹಾಕಿದ್ದು ಒಂದು ಕ್ಯಾಮ್.

ಈ ಮಾದರಿಯನ್ನು ನೋಡಿ. (ಇಲ್ಲಿ ಮರದ ಪೆಟ್ಟಿಗೆಯೊಳಗೆ ಜೋಡಿಸಿದ ಅರೆ ನಟ್ಟನ್ನು ತೋರಿಸಿದೆ.) ಸ್ಕ್ರೂವಿನ ಕೆಳಗೆ ಅರೆ ನಟ್. ಅದರ ಕೆಳಗೆ, ಸ್ಕ್ರೂವಿಗೆ ಅಡ್ಡವಾಗಿ ಒಂದು ಉಕ್ಕಿನ ಶಾಫ್ಟ್. ಶಾಫ್ಟಿನ ಮೇಲೆ 5 ಮಿ.ಮೀ. ಕೇಂದ್ರ ತಪ್ಪಿಸಿ ಕೊರೆದ ಒಂದು ದುಂಡು ತುಂಡು. ಅದೇ ಕ್ಯಾಮ್. ಶಾಫ್ಟಿನ ತುದಿಗೆ ಒಂದು ಲಿವರ್. ಲಿವರ್ ಕೆಳಮುಖವಾಗಿ ತೂಗುತ್ತಿದ್ದರೆ ಕ್ಯಾಮಿನ ಉಬ್ಬು ನೇರ ಮೇಲಕ್ಕೆ ನಿಂತು ನಟ್ಟನ್ನು ಸ್ಕ್ರೂವಿಗೆ ಒತ್ತಿ ಹಿಡಿದಿರುತ್ತದೆ. ಲಿವರನ್ನು ನಿಮ್ಮ ಕಡೆಗೆ ಎಳೆದು ಕಾಲು ಸುತ್ತು ತಿರುಗಿಸಿದರೆ ಉಬ್ಬು ಪಕ್ಕಕ್ಕೆ ಹೋಗಿ ನಟ್ 5 ಮಿ.ಮೀ. ಕೆಳಗಿಳಿಯುತ್ತದೆ. ಉಬ್ಬು ನೆಟ್ಟಗೆ ನಿಂತಾಗ ಎಷ್ಟೇ ಭಾರ ಬಿದ್ದರೂ ಅದು ಶಾಫ್ಟಿನ ನಡುವಿನ ಮೂಲಕವೇ ಹಾದುಹೋಗುತ್ತದೆ, ಲಿವರನ್ನು ತಿರುಗಿಸುವ ಬಲ ಅದರಲ್ಲಿ ಹುಟ್ಟುವುದಿಲ್ಲ. 100 ಕೆ.ಜಿ. ಬೀಳಲಿ, 200 ಬೀಳಲಿ, ಕ್ಯಾಮ್ ಕದಲದು. ಲಿವರಿನ ಸ್ವಂತ ತೂಕವೇ ಅದನ್ನು ಕೆಳಗೆ, ಅಂದರೆ ಬೀಗ ಹಾಕಿದ ಕಡೆಗೇ, ಎಳೆಯುತ್ತಿರುತ್ತದೆ. ನಟ್ಟನ್ನು ಕೆಳಗೆ ಎಳೆಯಲು ಒಂದು ಸಣ್ಣ ಸ್ಪ್ರಿಂಗ್ ಇದೆ. ಗ್ರೀಸಿಗೆ ಅಂಟಿ ನಿಲ್ಲಬಾರದೆಂದು ಮಾತ್ರ. ಲಿವರಿನ ತೂಕಕ್ಕಿಂತ ಅದರ ಎಳೆತ ಕಡಿಮೆ ಇರಬೇಕು ಎನ್ನುವುದನ್ನು ಮರೆಯಬೇಡಿ.

5 ಮಿ.ಮೀ. ಯಾಕೆ? ಇಲ್ಲಿಯೂ ನಾನು ಒಮ್ಮೆ ಎಡವಿದ್ದೇನೆ. ಈ ಸ್ಕ್ರೂವಿನ ಹಲ್ಲಿನ ಆಳ 2.25 ಮಿ.ಮೀ. ಮೂರು ಮಿ.ಮೀ. ಇಳಿದರೆ ಬಿಡುಗಡೆ ಆಗಿಯೇ ಆಗುತ್ತದೆ ಎಂದುಕೊಂಡಿದ್ದೆ. ಮಾಡಿ ನೋಡಿದರೆ ದವಡೆ ಗರಗರ ಸದ್ದು ಮಾಡುತ್ತಾ ತಡೆದು ತಡೆದು ಬರುತ್ತಿತ್ತು. ತಳದಲ್ಲಿ ಹಲ್ಲು ಬಿಟ್ಟಿದೆ, ಆದರೆ ಎರಡು ಪಕ್ಕಗಳಲ್ಲಿ ಬಿಟ್ಟಿಲ್ಲ. ಅರ್ಧವೃತ್ತದ ಅಂಚುಗಳು ಸ್ಕ್ರೂವಿನ ಹೊಟ್ಟೆಯ ಪಕ್ಕದಲ್ಲಿವೆ. ನಟ್ ಕೆಳಗಿಳಿಯುವಾಗ ಅವು ಹೊರಕ್ಕೆ ಹೋಗುವುದಿಲ್ಲ, ಪಕ್ಕದಲ್ಲೇ ಉಜ್ಜಿಕೊಂಡು ಇಳಿಯುತ್ತವೆ. ಲೆಕ್ಕ ಹಾಕಿದರೆ, ಸ್ಕ್ರೂವಿನ ಹೊರ ತ್ರಿಜ್ಯ 10, ನಟ್ಟಿನ ಹಲ್ಲಿನ ತುದಿಯ ತ್ರಿಜ್ಯ 8. ಪೂರ್ತಿ ಅರ್ಧವೃತ್ತದ ನಟ್ ಸಂಪೂರ್ಣ ಬಿಡಬೇಕಾದರೆ 6 ಮಿ.ಮೀ. ಇಳಿಯಬೇಕು. ಆದ್ದರಿಂದ ಎರಡೂ ಅಂಚುಗಳಲ್ಲಿ ಹಲ್ಲನ್ನು ಅರದಿಂದ ಉಜ್ಜಿ ತೆಗೆದು, ನಟ್ಟಿನ ಅಪ್ಪುಗೆಯನ್ನು 180 ಡಿಗ್ರಿಯಿಂದ 120ಕ್ಕೆ ಇಳಿಸಿದೆ. ಆಗ 3.2 ಮಿ.ಮೀ. ಇಳಿದರೆ ಸಾಕು. 5 ಇಟ್ಟರೆ ಸವೆತಕ್ಕೂ ಧೂಳಿಗೂ ಜಾಗ ಉಳಿಯುತ್ತದೆ. ಅಪ್ಪುಗೆ ಕಿರಿದಾದಾಗ ಹೊರತಳ್ಳುವ ಬಲ 100ರಿಂದ 130 ಕೆ.ಜಿ.ವರೆಗೆ ಏರುತ್ತದೆ. ಕ್ಯಾಮ್ ಇರುವುದರಿಂದ ಅದರ ಚಿಂತೆಯಿಲ್ಲ.

ಹಲ್ಲುಗಳು ಸಾಕೇ? 50 ಮಿ.ಮೀ. ಉದ್ದದ ನಟ್ಟಿನಲ್ಲಿ 12 ಸುತ್ತು ಥ್ರೆಡ್ ಇರುತ್ತದೆ. ಅದರ ಮೂರನೇ ಒಂದು ಪಾಲು ಅಂದರೆ ನಾಲ್ಕು ಪೂರ್ಣ ಸುತ್ತಿಗೆ ಸಮ. ಬೆಂಚ್ ವೈಸಿಗೆ ಧಾರಾಳ. ನಟ್ ಕಂಚಿನದೋ ಬೀಡು ಕಬ್ಬಿಣದ್ದೋ ಆಗಿರಲಿ. ಉಕ್ಕಿನ ಮೇಲೆ ಉಕ್ಕು ಉಜ್ಜಿದರೆ ಕಚ್ಚಿಕೊಳ್ಳುತ್ತದೆ. ಸೀಳುವಾಗ ಹ್ಯಾಕ್ಸಾ ಬ್ಲೇಡ್ ಒಂದೂವರೆ ಮಿ.ಮೀ. ತಿಂದರೂ ಪರವಾಗಿಲ್ಲ, ಹೇಗಿದ್ದರೂ ಅಂಚುಗಳನ್ನು ತೆಗೆಯುವವರೇ. ಒಂದು ನಟ್ಟಿನಿಂದ ಎರಡು ಅರೆ ನಟ್ ಸಿಗುತ್ತವೆ. ಎರಡನೆಯದನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿಡಿ.

ಇನ್ನೊಂದು ಮಾತು. ನಟ್ ಸ್ಕ್ರೂವಿನಿಂದ ದೂರ ಹೋಗಬಾರದು ಎಂದು ಕ್ಯಾಮ್ ಹಾಕಿದೆವು. ಸ್ಕ್ರೂವೇ ನಟ್ಟಿನಿಂದ ದೂರ ಬಾಗಿದರೆ? 130 ಕೆ.ಜಿ. ಕೆಳಗಿನಿಂದ ಒತ್ತಿದಾಗ ನಡುವಿನಲ್ಲಿ ಆಸರೆಯಿಲ್ಲದ 20 ಮಿ.ಮೀ. ರಾಡ್ ಮೇಲಕ್ಕೆ ಬಾಗಿಯೇ ಬಾಗುತ್ತದೆ. ಅದಕ್ಕೇ ನಟ್ಟಿನ ನೇರ ಮೇಲೆ, ಸ್ಕ್ರೂವಿನ ಬೆನ್ನಿಗೆ, ನೈಲಾನಿನ ಒಂದು ತಡಿ ಕೂರಿಸಿದ್ದೇನೆ. ಕುದುರೆಯ ತಡಿಯಂತೆ ಅರ್ಧ ದುಂಡಾಗಿ ಕೊರೆದ ತುಂಡು, ಸ್ಕ್ರೂ ಅದರಡಿ ಜಾರುತ್ತದೆ. ಕೆಳಗಿನಿಂದ ಕ್ಯಾಮ್, ಮೇಲಿನಿಂದ ತಡಿ, ನಡುವೆ ಸ್ಕ್ರೂ ಮತ್ತು ನಟ್. ಈ ತಡಿಯನ್ನು ಬಿಟ್ಟು ಮಾಡಿದ ವೈಸುಗಳನ್ನು ನೋಡಿದ್ದೇನೆ. ಹೊಸದರಲ್ಲಿ ಚೆನ್ನಾಗಿ ಹಿಡಿಯುತ್ತವೆ, ಆಮೇಲೆ ನಟ್ಟಿನ ಹಲ್ಲಿನ ತುದಿಗಳಷ್ಟೇ ಕಚ್ಚುತ್ತಾ ಸವೆದುಹೋಗುತ್ತವೆ.

ಇಷ್ಟೆಲ್ಲ ಕೂರುವ ಪೆಟ್ಟಿಗೆ ಗಟ್ಟಿಯಾಗಿರಬೇಕು. ಹಿಡಿತದ 600 ಕೆ.ಜಿ. ಪೂರ್ತಿ ಅದರ ಮುಂದಿನ ಗೋಡೆಯ ಮೇಲೆ ಬೀಳುತ್ತದೆ, ಯಾಕೆಂದರೆ ಸ್ಕ್ರೂ ನಟ್ಟನ್ನು ನಿಮ್ಮ ಕಡೆಗೆ ಎಳೆಯುತ್ತಿರುತ್ತದೆ. ಆ ಗೋಡೆಗೆ ನಾನು 8 ಮಿ.ಮೀ. ಉಕ್ಕಿನ ಪಟ್ಟಿ ಹಾಕಿದ್ದೇನೆ. ಪೆಟ್ಟಿಗೆಯನ್ನು ಬೆಂಚಿನ ಅಡಿಗೆ ಮರದ ಸ್ಕ್ರೂಗಳಿಂದ ಹೊಡೆಯಬೇಡಿ. 10 ಮಿ.ಮೀ.ನ ನಾಲ್ಕು ಬೋಲ್ಟುಗಳನ್ನು ಹಲಗೆಯ ಮೂಲಕ ಹಾಯಿಸಿ, ತಲೆಗಳನ್ನು ಮೇಲ್ಮೈಯಿಂದ ಕೆಳಗೆ ಮುಳುಗಿಸಿ, ಮೇಲೆ ಮರದ ಬಿರಡೆ ಹಾಕಿ ಮುಚ್ಚಿ. ಉಜ್ಜುಗೊರಡಿನ ಅಲಗು ಬೋಲ್ಟಿನ ತಲೆಗೆ ತಾಗುವ ಸದ್ದನ್ನು ಯಾರೂ ಕೇಳುವಂತಾಗಬಾರದು.

ಈಗ ಸರಳುಗಳ ವಿಷಯ. ಎಲ್ಲರೂ ನಟ್ಟಿನ ಬಗ್ಗೆಯೇ ಮಾತಾಡುತ್ತಾರೆ, ಆದರೆ ವೈಸ್ ಬಳಸುವವರ ಕೈಗೆ ದಿನವೂ ತಿಳಿಯುವುದು ಸರಳುಗಳ ಗುಣವೇ. ದವಡೆಯ ಎರಡು ಪಕ್ಕಗಳಲ್ಲಿ 25 ಮಿ.ಮೀ.ನ ಎರಡು ಉಕ್ಕಿನ ಸರಳುಗಳು ಅದರ ಜೊತೆಗೇ ಒಳಗೆ ಹೊರಗೆ ಓಡಾಡುತ್ತವೆ. ಅವುಗಳ ಹಿಂದಿನ ತುದಿಗಳನ್ನು ಒಂದು ಅಡ್ಡಪಟ್ಟಿ ಜೋಡಿಸುತ್ತದೆ, ಸ್ಕ್ರೂವಿನ ಬಾಲವೂ ಅದೇ ಪಟ್ಟಿಯ ತೂತಿನಲ್ಲಿ ತಿರುಗುತ್ತಾ ಕೂತಿರುತ್ತದೆ. ಆ ಪಟ್ಟಿಯಿಂದ ಇನ್ನೊಂದು ಉಪಕಾರವೂ ಇದೆ. ಜೋರಾಗಿ ಎಳೆದಾಗ ಇಡೀ ಚೌಕಟ್ಟು ಕಳಚಿ ಕಾಲ ಮೇಲೆ ಬೀಳದಂತೆ ಅದು ತಡೆಯುತ್ತದೆ.

ಮೇಜಿನ ಡ್ರಾಯರನ್ನು ಒಂದು ಮೂಲೆ ಹಿಡಿದು ತಳ್ಳಿದರೆ ಸಿಕ್ಕಿಕೊಳ್ಳುತ್ತದಲ್ಲ, ವೈಸಿನ ದವಡೆಯೂ ಹಾಗೆಯೇ. ಸಾಮಾನ್ಯ ವೈಸಿನಲ್ಲಿ ಸ್ಕ್ರೂ ಬಲವಂತವಾಗಿ ಎಳೆದುಕೊಂಡು ಹೋಗುವುದರಿಂದ ಸರಳುಗಳು ಸ್ವಲ್ಪ ಓರೆ ಇದ್ದರೂ ಗೊತ್ತಾಗುವುದಿಲ್ಲ. ಕ್ವಿಕ್ ರಿಲೀಸಿನಲ್ಲಿ ತಳ್ಳುವುದು ನಿಮ್ಮ ಕೈ. ಎಲ್ಲಿ ಸಿಕ್ಕರೂ ತಕ್ಷಣ ತಿಳಿಯುತ್ತದೆ. ಆದ್ದರಿಂದ ಈ ವೈಸಿಗೆ ಹೆಚ್ಚು ನೇರವಾದ ಸರಳು ಬೇಕು. ಯಂತ್ರ ಕಟ್ಟುವವರು ಒಂದು ಅಂದಾಜು ಇಟ್ಟುಕೊಳ್ಳುತ್ತಾರೆ: ಸರಳಿನಿಂದ ಎಷ್ಟು ದೂರದಲ್ಲಿ ತಳ್ಳುತ್ತೀರೋ ಅದು ಸರಳು ಕೂತಿರುವ ಆಸರೆಯ ಉದ್ದದ ಎರಡು ಪಟ್ಟು ಮೀರಬಾರದು. ಮೀರಿದರೆ ಘರ್ಷಣೆಯೇ ಬೀಗ ಹಾಕಿಬಿಡುತ್ತದೆ. ನನ್ನದರಲ್ಲಿ ಮುಂದಿನ ಆಸರೆ ಸ್ಥಿರ ದವಡೆಯಲ್ಲಿದೆ, ಹಿಂದಿನದು ಅಲ್ಲಿಂದ 200 ಮಿ.ಮೀ. ಒಳಗಿದೆ. ನಡುವೆ ಖಾಲಿ. ಎರಡು ಆಸರೆಗಳ ದೂರವೇ ಮುಖ್ಯ, ನಡುವೆ ಮರ ತುಂಬಬೇಕಾಗಿಲ್ಲ.

ದವಡೆ ಒಂದು ಪಕ್ಕ ವಾಲುವುದೂ ಇದರಿಂದಲೇ ಹತೋಟಿಗೆ ಬರುತ್ತದೆ. ಸರಳು ಮತ್ತು ತೂತಿನ ನಡುವೆ 0.3 ಮಿ.ಮೀ. ಸಡಿಲ ಇದೆ ಎನ್ನಿ. ಆಸರೆ 50 ಮಿ.ಮೀ. ಉದ್ದವಿದ್ದರೆ ನಡುವಿನಿಂದ 150 ಮಿ.ಮೀ. ದೂರದ ದವಡೆಯ ತುದಿ 0.9 ಮಿ.ಮೀ. ಆಡುತ್ತದೆ. 200 ಇದ್ದರೆ 0.23 ಮಾತ್ರ. ಹಾಗಿದ್ದರೂ ಮರವನ್ನು ದವಡೆಯ ಒಂದೇ ಪಕ್ಕದಲ್ಲಿ ಹಿಡಿದಾಗ ಇನ್ನೊಂದು ಪಕ್ಕಕ್ಕೆ ಅಷ್ಟೇ ದಪ್ಪದ ತುಂಡೊಂದನ್ನು ಇಡುವ ರೂಢಿ ಮಾಡಿಕೊಳ್ಳಿ. ಬೇರೆ ಬೇರೆ ದಪ್ಪದ ತುಂಡುಗಳನ್ನು ಒಂದು ದಾರಕ್ಕೆ ಪೋಣಿಸಿ ಬೆಂಚಿನ ಕಾಲಿಗೆ ನೇತುಹಾಕಿದರೆ ಹುಡುಕುವ ಕೆಲಸ ಇಲ್ಲ.

ತೂತು ಕೊರೆಯುವಾಗ ಅಳತೆಯ ಮೇಲೆ ನಂಬಿಕೆ ಇಡಬೇಡಿ. ಚಲಿಸುವ ದವಡೆ, ಸ್ಥಿರ ದವಡೆ, ಹಿಂದಿನ ಆಸರೆ, ಅಡ್ಡಪಟ್ಟಿ, ಈ ನಾಲ್ಕರಲ್ಲೂ ಮೂರು ತೂತುಗಳು ಒಂದೇ ಸಾಲಿಗೆ ಬರಬೇಕು. ನಾಲ್ಕನ್ನೂ ಒಟ್ಟಿಗೆ ಹಿಡಿದು ಕೊರೆಯಲು ಬೈರಿಗೆಯ ಉದ್ದ ಸಾಲುವುದಿಲ್ಲ. ಒಂದನ್ನು ಡ್ರಿಲ್ ಪ್ರೆಸ್ಸಿನಲ್ಲಿ ನೆಟ್ಟಗೆ ಕೊರೆದು, ಅದನ್ನೇ ಅಚ್ಚಿನಂತೆ ಮುಂದಿನ ತುಂಡಿನ ಮೇಲೆ ಬಿಗಿದು ಅದರ ತೂತಿನ ಮೂಲಕವೇ ಕೊರೆಯಿರಿ. ಜೋಡಿಸುವಾಗಲೂ ಒಂದು ಕ್ರಮ ಇದೆ. ದವಡೆ ಪೂರ್ತಿ ಮುಚ್ಚಿರುವಾಗ ಹಿಂದಿನ ಆಸರೆಯ ಬೋಲ್ಟುಗಳನ್ನು ಸಡಿಲವಾಗಿಟ್ಟು, ನಾಲ್ಕೈದು ಸಲ ಹಿಂದೆ ಮುಂದೆ ಓಡಿಸಿ, ಅದು ತಾನೇ ತನ್ನ ಜಾಗ ಕಂಡುಕೊಂಡ ಮೇಲೆ ಬಿಗಿ ಮಾಡಿ. ಮರದಲ್ಲೇ ಸರಳು ಓಡುವುದಾದರೆ ತೂತು ಅರ್ಧ ಮಿ.ಮೀ. ದೊಡ್ಡದಿರಲಿ, ತೇವದ ದಿನಗಳಲ್ಲಿ ಮರ ಉಬ್ಬುತ್ತದೆ. ತೂತಿನೊಳಗೆ ನೈಲಾನ್ ಬುಷ್ (ಕೊಳವೆಯಂಥ ಒಳಪದರ) ಹಾಕಿದರೂ ತೇವ ಅದನ್ನೂ ಒಂದಿಷ್ಟು ಉಬ್ಬಿಸುತ್ತದೆ, ಆದರೆ ಮರದಷ್ಟಲ್ಲ. ಸರಳಿಗೆ ಮೇಣ ಸವರಿ. ಎಣ್ಣೆ ಬೇಡ, ಮರದ ಹೊಟ್ಟು ಅಂಟಿಕೊಂಡು ಮುದ್ದೆಯಾಗುತ್ತದೆ.

ದವಡೆಗೆ 55 ಮಿ.ಮೀ. ದಪ್ಪದ ಗಟ್ಟಿ ಮರ ಸಾಕು. 18 ಮಿ.ಮೀ. ಪ್ಲೈವುಡ್ಡಿನ ಮೂರು ಪದರ ಅಂಟಿಸಿದರೂ ಆಗುತ್ತದೆ, ಬಾಗದಿರುವುದರಲ್ಲಿ ಅದೇ ಒಂದು ಕೈ ಮೇಲು. ಸ್ಥಿರ ದವಡೆಯ ಮುಖ ಬೆಂಚಿನ ಅಂಚಿಗೆ ಸರಿಸಮನಾಗಿರಲಿ, ಉದ್ದ ಹಲಗೆಯನ್ನು ಹಿಡಿದಾಗ ಬೆಂಚಿನ ಅಂಚು ಪೂರ್ತಿ ಆಸರೆಯಾಗಬೇಕು. ಬಿಗಿ ಮಾಡಿದಾಗ ಚಲಿಸುವ ದವಡೆಯ ಮೇಲಂಚು ಹೊರಕ್ಕೆ ವಾಲುತ್ತದೆ, ಏಕೆಂದರೆ ಸ್ಕ್ರೂ ಇರುವುದು ಕೆಳಗೆ. ಅದಕ್ಕಾಗಿ ಒಳಮುಖವನ್ನು ಮೇಲಿನಿಂದ ಕೆಳಕ್ಕೆ ಒಂದೂವರೆ ಮಿ.ಮೀ. ತಗ್ಗುವಂತೆ ಹೆರೆಯಿರಿ. ಮುಚ್ಚುವಾಗ ಮೇಲಂಚು ಮೊದಲು ತಾಗಬೇಕು, ಬಿಗಿಯಾದಂತೆ ಇಡೀ ಮುಖ ಕೂರಬೇಕು. ಒಳಗೆ ಚರ್ಮ ಅಂಟಿಸಿದರೆ ಕಡಿಮೆ ಬಲಕ್ಕೇ ಮರ ಜಾರದೆ ನಿಲ್ಲುತ್ತದೆ.

ಬಳಸುವ ಕ್ರಮ ಹೀಗೆ. ಮೊದಲು ಹಿಡಿಕೆಯನ್ನು ಅರ್ಧ ಸುತ್ತು ಸಡಿಲ ಮಾಡಿ. ಭಾರ ಇರುವಾಗ ಲಿವರ್ ಸುಲಭಕ್ಕೆ ಬರುವುದಿಲ್ಲ, ಬರಬಾರದೂ ಕೂಡ. ಎಡಗೈಯಲ್ಲಿ ಲಿವರ್ ಎಳೆದು ಹಿಡಿದು, ಬಲಗೈಯಲ್ಲಿ ಹಿಡಿಕೆಯ ಬುಡವನ್ನೇ ಹಿಡಿದು ದವಡೆಯನ್ನು ಜಾರಿಸಿ. ಮರಕ್ಕೆ ತಾಗಿದ ಮೇಲೆ ಲಿವರ್ ಬಿಡಿ. ಹಲ್ಲಿನ ಮೇಲೆ ಹಲ್ಲು ಕೂತಿದ್ದರೆ ಲಿವರ್ ಅರ್ಧದಲ್ಲೇ ನಿಲ್ಲುತ್ತದೆ. ಹಿಡಿಕೆಯನ್ನು ಸ್ವಲ್ಪ ತಿರುಗಿಸಿ, ಅದು ತಾನೇ ಕೆಳಗೆ ಬೀಳುತ್ತದೆ. ಲಿವರ್ ಪೂರ್ತಿ ಕೆಳಗಿಳಿಯದೆ ಎಂದೂ ಬಿಗಿ ಮಾಡಬೇಡಿ. ಇದೊಂದನ್ನು ಮಾತ್ರ ನನ್ನ ಬೆಂಚಿನ ಮುಂದೆ ನಿಲ್ಲುವ ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಹಿರಿಯರೊಬ್ಬರು ಕೇಳಿದರು: "ನಮ್ಮ ಹಳೆಯ ಬೆಂಚಿನಲ್ಲಿ ಮರದ ಸ್ಕ್ರೂ ಇತ್ತು. ಅದಕ್ಕೆ ಇದೆಲ್ಲ ಬೇಕಾಗಿರಲೇ ಇಲ್ಲವಲ್ಲ?" ಅವರು ಹೇಳಿದ್ದು ಸರಿ. ಮರದ ಸ್ಕ್ರೂವಿನ ಹಲ್ಲು ಬಹಳ ದಪ್ಪ. ಇಂಚಿಗೆ ಎರಡು ಸುತ್ತಿನ ಸ್ಕ್ರೂ ಆದರೆ ಒಂದು ತಿರುವಿಗೆ 12.7 ಮಿ.ಮೀ. ಓಡುತ್ತದೆ. ನಾನು ಮೊದಲು ಹೇಳಿದ 150 ಮಿ.ಮೀ. ದಾರಿಗೆ 12 ಸುತ್ತು ಸಾಕು. ಒಳ್ಳೆಯ ಮರದ ಸ್ಕ್ರೂ ಕಡೆದುಕೊಳ್ಳಬಲ್ಲವರು ಅದನ್ನೇ ಮಾಡಿಕೊಳ್ಳಲಿ, ನಾನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ತೊಂದರೆ ಅವರಿಗಿಲ್ಲ. ಉಕ್ಕಿನ ಸ್ಕ್ರೂ ಸಣ್ಣ ಪಿಚ್ಚಿನದಾದ್ದರಿಂದಲೇ ನಮಗೆ ಈ ಕಷ್ಟ.

ಇನ್ನೊಬ್ಬ ಯುವತಿಯ ಪ್ರಶ್ನೆ: "ಕ್ಯಾಮ್, ಪೆಟ್ಟಿಗೆ ಎಲ್ಲ ಮಾಡುವಷ್ಟು ಸಲಕರಣೆ ನನ್ನ ಹತ್ತಿರ ಇಲ್ಲ. ಇದಕ್ಕಿಂತ ಸರಳವಾದದ್ದು ಇದೆಯೇ?" ಇದೆ. ಓರೆ ನಟ್. ಉದ್ದದ ನಟ್ಟೊಂದನ್ನು ತೆಗೆದುಕೊಂಡು, ಅದರ ಥ್ರೆಡ್ಡಿನ ಮೂಲಕವೇ, ಹತ್ತು ಹನ್ನೆರಡು ಡಿಗ್ರಿ ಓರೆಯಾಗಿ, ರಾಡಿಗಿಂತ ಕೂದಲೆಳೆಯಷ್ಟು ದೊಡ್ಡ ತೂತನ್ನು ಕೊರೆಯಿರಿ. ನಟ್ಟನ್ನು ಓರೆ ಮಾಡಿ ಹಿಡಿದರೆ ರಾಡ್ ಆ ನುಣುಪು ತೂತಿನಲ್ಲಿ ಜಾರುತ್ತದೆ. ನೆಟ್ಟಗೆ ಮಾಡಿದರೆ ಒಂದು ತುದಿಯ ಮೇಲ್ಭಾಗದಲ್ಲೂ ಇನ್ನೊಂದು ತುದಿಯ ಕೆಳಭಾಗದಲ್ಲೂ ಉಳಿದ ಹಲ್ಲುಗಳು ರಾಡನ್ನು ಕಚ್ಚುತ್ತವೆ. ಎರಡು ಕಡೆಯ ಹಲ್ಲುಗಳು ಎದುರುಬದುರಾಗಿ ಇರುವುದರಿಂದ ಪಕ್ಕಕ್ಕೆ ತಳ್ಳುವ ಬಲ ಬಹುಮಟ್ಟಿಗೆ ವಜಾ ಆಗುತ್ತದೆ. ಆದರೆ ಆ ತಳ್ಳಾಟವೇ ನಟ್ಟನ್ನು ಮತ್ತೆ ಓರೆಯಾಗಿಸಲು ನೋಡುತ್ತದೆ. ಹಾಗಾಗಿ ಅದು ನೆಟ್ಟಗೆ ಕೂತ ಮೇಲೆ ಬೆನ್ನಿಗೆ ಒಂದು ಬೆಣೆಯನ್ನೋ ಅಗುಳಿಯನ್ನೋ ಸರಿಸಿ ಬೀಗ ಹಾಕಿ. ಇಲ್ಲಿಯೂ ಸ್ಪ್ರಿಂಗನ್ನು ನಂಬಬೇಡಿ. ಕಚ್ಚುವ ಹಲ್ಲುಗಳು ಕಡಿಮೆ, ಆದ್ದರಿಂದ ಭಾರಿ ಹಿಡಿತಕ್ಕೆ ಇದು ಸಲ್ಲದು. ಸಣ್ಣ ಬೆಂಚಿಗೆ, ಪೆಟ್ಟಿಗೆ ಚೌಕಟ್ಟುಗಳ ಕೆಲಸಕ್ಕೆ ಸಾಕಾಗುತ್ತದೆ.

ಆ ಯುವತಿ ಮಾದರಿಯನ್ನು ಎತ್ತಿಕೊಂಡು ಲಿವರನ್ನು ಮೂರು ನಾಲ್ಕು ಸಲ ಎಳೆದು ಬಿಟ್ಟು ನೋಡಿದರು. ಒಂದು ಸಲ ಲಿವರ್ ಅರ್ಧದಲ್ಲಿ ನಿಂತಿತು. ನಾನು ಏನೂ ಹೇಳಲಿಲ್ಲ. ಅವರೇ ಹಿಡಿಕೆಯನ್ನು ತುಸು ತಿರುಗಿಸಿದರು, 'ಟಕ್' ಎಂದು ಕೆಳಗೆ ಬಿತ್ತು.